ಪದಚರ್ಚೆ: ಯುದ್ಧನೌಕೆ ‘ಸಾಂಪ್ರದಾಯಿಕ’ ಆಗುವುದು ಹೇಗೆ?

ಎಲ್ಲರಿಗೂ ನಮಸ್ಕಾರ.

ಚೀನಾದ ವಿಮಾನವಾಹಕ ನೌಕೆ ಫುಜಿಯಾನ್ 2025ರ ನವೆಂಬರ್ 5ರಂದು ಹೈನಾನ್ ದ್ವೀಪದ ಸಾನ್ಯಾದಲ್ಲಿ ಅಲ್ಲಿನ ನೌಕಾಪಡೆಗೆ ಸೇರಿತು. ಇಂಥ ಹಡಗುಗಳನ್ನು ಕನ್ನಡದಲ್ಲಿ ‘ಸಾಂಪ್ರದಾಯಿಕ ಚಾಲನೆಯ ನೌಕೆ’ ಅಂತ ಬರೆಯುತ್ತೇವೆ. ಅಣುಶಕ್ತಿಯಿಂದ ಓಡುವುದಲ್ಲ ಅನ್ನುವುದಷ್ಟೇ ಇದರ ಅರ್ಥ. ಆದರೆ ಸಾಂಪ್ರದಾಯಿಕ ಅಂದ ಕೂಡಲೇ ನಮಗೆ ನೆನಪಾಗುವುದು ಇಳಕಲ್ ಸೀರೆ, ಹಬ್ಬದ ಅಡುಗೆ, ತಲೆಮಾರಿನಿಂದ ಬಂದ ಪದ್ಧತಿ. 80 ಸಾವಿರ ಟನ್ನಿಗೂ ಜಾಸ್ತಿ ತೂಗುವ, ವಿದ್ಯುತ್ಕಾಂತ ಬಲದಿಂದ ವಿಮಾನಗಳನ್ನು ಚಿಮ್ಮಿಸುವ ಹಡಗಿಗೆ ಈ ಮಾತು ಹೊಂದುತ್ತದಾ?

‘ಉಗಿ ನೌಕೆ’ ಅಂದರೂ ಸರಿಹೋಗದು. ಅಮೆರಿಕದ ಅಣುಶಕ್ತಿ ವಿಮಾನವಾಹಕಗಳನ್ನೂ ಓಡಿಸುವುದು ಉಗಿಯೇ. ರಿಯಾಕ್ಟರಿನ ಬಿಸಿಯಿಂದ ಉಗಿ ಹುಟ್ಟಿ ಟರ್ಬೈನ್ ತಿರುಗುತ್ತದೆ. ಫುಜಿಯಾನ್‌ನಲ್ಲಿ, ಬಲ್ಲವರು ಹೇಳುವ ಪ್ರಕಾರ, ಬಾಯ್ಲರಿನಲ್ಲಿ ಎಣ್ಣೆ ಉರಿಸಿ ಆ ಉಗಿ ಪಡೆಯುತ್ತಾರೆ. ನೀರು ಒಂದೇ, ಒಲೆ ಬೇರೆ. ನಮ್ಮ ಕಾರವಾರದ ಕದಂಬ ನೌಕಾನೆಲೆಯ ವಿಮಾನವಾಹಕ ವಿಕ್ರಮಾದಿತ್ಯ ಕೂಡ ಬಾಯ್ಲರ್ ಹಡಗೇ. ಕೊಚ್ಚಿಯಲ್ಲಿ ಕಟ್ಟಿದ ವಿಕ್ರಾಂತ್ ಹಾಗಲ್ಲ. ಅದರ ನಾಲ್ಕು ಗ್ಯಾಸ್ ಟರ್ಬೈನ್‌ಗಳಲ್ಲಿ ಉರಿದ ಅನಿಲವೇ ನೇರವಾಗಿ ಟರ್ಬೈನ್ ತಿರುಗಿಸುತ್ತದೆ, ನಡುವೆ ಉಗಿ ಇಲ್ಲ. ಈ ಮೂರನ್ನೂ ‘ಸಾಂಪ್ರದಾಯಿಕ’ ಅಂದುಬಿಟ್ಟರೆ ಓದುಗರಿಗೆ ಏನೂ ಹೇಳಿದಂತಾಗುವುದಿಲ್ಲ. ‘ಎಣ್ಣೆ ಉರಿಸಿ ಓಡುವ ನೌಕೆ’ ಅನ್ನೋಣ ಅಂತ ನನ್ನ ಅಭಿಪ್ರಾಯ. ಜಾಗ ಇದ್ದರೆ ಬಾಯ್ಲರೋ ಗ್ಯಾಸ್ ಟರ್ಬೈನೋ ಅನ್ನುವುದನ್ನೂ ಸೇರಿಸಬಹುದು.

ಹಡಗಿನ ಮೇಲಿಂದ ವಿಮಾನವನ್ನು ಚಿಮ್ಮಿಸುವ ಸಾಧನ ಕ್ಯಾಟಪಲ್ಟ್‌ಗೆ ‘ಕವಣೆ’ ಸಾಕು ಅನಿಸುತ್ತದೆ. ಹೊಲದಲ್ಲಿ ಹಕ್ಕಿ ಓಡಿಸಲು ಬೀಸುವ ಕವಣೆ ಎಲ್ಲರಿಗೂ ಗೊತ್ತು. ಅಮೆರಿಕದ ಹಳೆಯ ನೌಕೆಗಳದ್ದು ಉಗಿ ಕವಣೆ, ಫುಜಿಯಾನ್‌ನ ಮೂರೂ ವಿದ್ಯುತ್ ಕವಣೆ. ಚೀನಾದ ಹಿಂದಿನ ಎರಡು ವಿಮಾನವಾಹಕಗಳಾದ ಲಿಯಾವೊನಿಂಗ್, ಶಾನ್‌ಡಾಂಗ್‌ಗಳಲ್ಲಿ ಕವಣೆಯೇ ಇಲ್ಲ. ಮುಂದಕ್ಕೆ ಮೇಲೇರಿದ ಇಳಿಜಾರಿನ ಮೇಲೆ ವಿಮಾನ ತನ್ನದೇ ಎಂಜಿನ್ನಿನ ಬಲದಿಂದ ಓಡಿ ಹಾರಬೇಕು.

ಇನ್ನೊಂದು ತೊಡಕು ‘ಲೋಕಾರ್ಪಣೆ’ಯದು. ಫುಜಿಯಾನ್ ಕಟ್ಟಿದ್ದು ಶಾಂಘೈ ಬಳಿಯ ಚಾಂಗ್‌ಶಿಂಗ್ ದ್ವೀಪದ ಜಿಯಾಂಗ್ನಾನ್ ಹಡಗುಕಟ್ಟೆಯಲ್ಲಿ. ಮನೆಯಷ್ಟು ದೊಡ್ಡ ಉಕ್ಕಿನ ತುಂಡುಗಳನ್ನು ಬೇರೆ ಬೇರೆಯಾಗಿ ತಯಾರಿಸಿ, ಕ್ರೇನಿನಲ್ಲಿ ಎತ್ತಿ ತಂದು, ನೀರಿಲ್ಲದ ಒಣ ಕಟ್ಟೆಯೊಳಗೆ (ಡ್ರೈ ಡಾಕ್) ಬೆಸೆದರು. 2022ರ ಜೂನ್ 17ರಂದು ಆ ಕಟ್ಟೆಗೆ ನೀರು ಬಿಟ್ಟರು, ಹಡಗು ಇದ್ದಲ್ಲೇ ತೇಲಿತು. ಇಲ್ಲಿ ಹಡಗು ನೀರಿಗೆ ಇಳಿಯಲಿಲ್ಲ, ನೀರೇ ಹಡಗಿನ ಹತ್ತಿರ ಬಂತು. ಸಮುದ್ರದಲ್ಲಿ ಪರೀಕ್ಷೆ ಶುರುವಾಗಿದ್ದು 2024ರ ಮೇ 1ಕ್ಕೆ, ಪಡೆಗೆ ಸೇರಿದ್ದು ಅದರ ಮರುವರ್ಷ. ‘ಲೋಕಾರ್ಪಣೆ’ ಅಂದರೆ 2022ರದ್ದೋ 2025ರದ್ದೋ ಗೊತ್ತಾಗುವುದಿಲ್ಲ. ಮೊದಲನೆಯದಕ್ಕೆ ‘ತೇಲಿಸುವುದು’, ಕೊನೆಯದಕ್ಕೆ ‘ಪಡೆಗೆ ಸೇರಿಸುವುದು’ ಅಂತ ಬಳಸಿದರೆ ಗೊಂದಲ ಇರದು ಅಲ್ವಾ?

ಮಲ್ಪೆ, ಕಾರವಾರದ ಕಡೆಯವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ: ದಡದಲ್ಲಿ ಕಟ್ಟಿದ ಹೊಸ ದೋಣಿಯನ್ನು ಮೊದಲ ಸಲ ನೀರಿಗೆ ಬಿಡುವುದಕ್ಕೆ ನಿಮ್ಮಲ್ಲಿ ಏನಂತಾರೆ?