ಸಹಾಯ ಬೇಕು: 1942ರ ಶೆರ್ಲಾಕ್ ಹೋಮ್ಸ್ ಸಿನಿಮಾದ ಒಂದು ಸಾಲಿಗೆ ಕನ್ನಡ

ಎಲ್ಲರಿಗೂ ನಮಸ್ಕಾರ. ಅಪ್ಪನಿಗೋಸ್ಕರ ‘ಶೆರ್ಲಾಕ್ ಹೋಮ್ಸ್ ಅಂಡ್ ದಿ ವಾಯ್ಸ್ ಆಫ್ ಟೆರರ್’ ಸಿನಿಮಾಕ್ಕೆ ಕನ್ನಡ ಸಬ್‌ಟೈಟಲ್ ಬರೆಯುತ್ತಿದ್ದೇನೆ. ಬೇಸಿಲ್ ರಾತ್‌ಬೋನ್ ಹೋಮ್ಸ್ ಆಗಿರುವ ಚಿತ್ರ. ನಾಜಿಗಳ ರೇಡಿಯೋ ದನಿಯೊಂದು ಬ್ರಿಟನ್ನಿನ ಜನರ ಎದೆ ನಡುಗಿಸುತ್ತದೆ. ಆಗ ನಿಜಕ್ಕೂ ‘ಲಾರ್ಡ್ ಹಾ-ಹಾ’ ಅನ್ನೋ ಅಡ್ಡಹೆಸರಿನ ನಾಜಿ ಪ್ರಚಾರಕನ ದನಿ ಜರ್ಮನಿಯಿಂದ ರೇಡಿಯೋದಲ್ಲಿ ಬರುತ್ತಿತ್ತಲ್ವಾ, ಅಂದಿನವರಿಗೆ ಇದು ಬರೀ ಕಥೆಯಲ್ಲ.

ಕೊನೆಯ ಮಾತಿನಲ್ಲಿ ಸಿಕ್ಕಿಕೊಂಡಿದ್ದೇನೆ. ಹೋಮ್ಸ್‌ನನ್ನು ಸೃಷ್ಟಿಸಿದ ಕಾನನ್ ಡಾಯ್ಲ್ ಅವರ 1917ರ ಕಥೆಯಿಂದ ತಂದ ಮಾತು ಅದು: ‘ಈಸ್ಟ್ ವಿಂಡ್’ (ಪೂರ್ವದಿಂದ ಬೀಸುವ ಗಾಳಿ) ಬರುತ್ತಿದೆ ಅನ್ನುತ್ತಾನೆ ಹೋಮ್ಸ್. ಇಂಗ್ಲೆಂಡಿನಲ್ಲಿ ಅದು ಮೈ ಕೊರೆಯುವ ಗಾಳಿ. ಜೊತೆಗೆ ಜರ್ಮನಿ ಕಡೆಯಿಂದ ಬರುವ ಯುದ್ಧವೂ ಹೌದು. ‘ಮೂಡಣ ಗಾಳಿ’ ಅಂದರೆ ನಮ್ಮ ಕಿವಿಗೆ ತೀರಾ ಹಿತವಾಗಿಬಿಡುತ್ತದೆ. ‘ಮೂಡುಗಾಳಿ’ ಸರಿಯೇ? ಬೇರೆ ಪದ ಹೊಳೆದರೆ ದಯವಿಟ್ಟು ತಿಳಿಸಿ. ಅಪ್ಪನಿಗೆ ಕಿವಿ ಕೇಳಿಸುವುದು ಕಮ್ಮಿ. ಆ ಸಾಲು ಓದಿಯೇ ಅವರಿಗೆ ನಾಟಬೇಕು.