ಪ್ರಶ್ನೋತ್ತರ: ಅಂಗೈಯಷ್ಟು ಟಾರ್ಚ್, ದೂರದ ಬೆಳಕು

ಅಡ್ಮಿನ್: ಇವತ್ತಿನ ವಿಷಯ ಜೇಬಿಗೆ ಹಿಡಿಸುವ, ಆದರೆ ದೂರಕ್ಕೆ ಹೊಡೆಯುವ ಟಾರ್ಚ್. ಅಂಗಡಿಯವರು 'ಟ್ಯಾಕ್ಟಿಕಲ್' ಅಂತ ಮಾರುವ ಜಾತಿ. ಉತ್ತರ ಕೊಡುವವರು ಟಾರ್ಚ್ ಮತ್ತು ಬ್ಯಾಟರಿ ರಿಪೇರಿ ಮಾಡುವವರು, 'ರಿಪೇರಿ ಬೆಂಚ್' ಹೆಸರಿನಲ್ಲಿ ಬರೆಯುತ್ತಾರೆ. ಸೆಲ್ ಸೈಜು (18650 ಅಂದರೆ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ ಲಿಥಿಯಂ ಸೆಲ್; 21700 ಅಂದರೆ 21 ದಪ್ಪ, 70 ಉದ್ದ), ತಲೆಯ ಅಗಲ, ಆಗಿರುವ ತೊಂದರೆ ಬರೆದು ಕೇಳಿ. ಫಾರ್ವರ್ಡ್ ಹಾಕಬೇಡಿ.

ಮೂಡಿಗೆರೆ ಕಾಫಿ: ಸರ್, ಒಂದು 21700 ಸೆಲ್‌ನ ಟಾರ್ಚ್ ತರಿಸಿದ್ದೇನೆ. ತಲೆ 40 ಮಿ.ಮೀ. ಡಬ್ಬದ ಮೇಲೆ 1500 ಲುಮೆನ್, 700 ಮೀಟರ್ ಅಂತಿದೆ. ವಾಪಸ್ ಕೊಡಲು ಇನ್ನು 5 ದಿನ ಇದೆ. ಹೇಳಿದಷ್ಟು ದೂರ ಹೋಗುತ್ತಾ ಅಂತ ಮನೆಯಲ್ಲೇ ನೋಡುವುದು ಹೇಗೆ?

ರಿಪೇರಿ ಬೆಂಚ್: ಲುಮೆನ್ ಅಂದರೆ ಟಾರ್ಚಿನಿಂದ ಹೊರಬೀಳುವ ಒಟ್ಟು ಬೆಳಕು. ದೂರ ತೀರ್ಮಾನಿಸುವುದು ಕ್ಯಾಂಡೆಲಾ, ಅಂದರೆ ನಡುವಿನ ಬೆಳಕಿನ ಕೋಲು ಎಷ್ಟು ದಟ್ಟ ಅನ್ನುವುದು. ಲಕ್ಸ್ ಅಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ. ಡಬ್ಬದ ಮೇಲಿನ ಮೀಟರ್ ಲೆಕ್ಕ ಟಾರ್ಚ್ ಅಳೆಯುವ ಎಫ್‌ಎಲ್-1 ಮಾನದಂಡದ್ದು: ಬೆಳಕು 0.25 ಲಕ್ಸ್‌ಗೆ ಇಳಿಯುವ ಜಾಗದವರೆಗಿನ ದೂರ. ಅದು ಹುಣ್ಣಿಮೆಯ ಬೆಳದಿಂಗಳಷ್ಟೇ.

ನೋಡುವ ಕ್ರಮ: ಸೆಲ್ 4.2 ವೋಲ್ಟ್‌ಗೆ ತುಂಬಿ. ಕತ್ತಲಾದ ಮೇಲೆ ಟೇಪ್ ಹಿಡಿದು ಸರಿಯಾಗಿ 10 ಮೀಟರ್ ಅಳೆಯಿರಿ. ಒಂದು ತುದಿಯಲ್ಲಿ ಲಕ್ಸ್ ಮೀಟರ್ ಇಡಿ. ಮೀಟರ್ ಇಲ್ಲದಿದ್ದರೆ ಫೋನಿನ ಆ್ಯಪ್ ಆಗುತ್ತೆ, ಆದರೆ ಅದರ ಅಂಕಿ ಅಂದಾಜಿನದು; ಎರಡು ಟಾರ್ಚ್ ಹೋಲಿಸಲು ಸಾಕು, ಜಗಳಕ್ಕೆ ಸಾಲದು. ಇನ್ನೊಂದು ತುದಿಯಲ್ಲಿ ಟಾರ್ಚನ್ನು ಸ್ಟೂಲ್ ಮೇಲೆ ಮಲಗಿಸಿ. ಕೈಯಲ್ಲಿ ಹಿಡಿದರೆ ಅಲುಗಾಡಿ ತಪ್ಪು ಅಂಕಿ ಬರುತ್ತೆ. ಪೂರ್ತಿ ಬೆಳಕು ಹಾಕಿ, 30 ಸೆಕೆಂಡ್ ಬಿಟ್ಟು, ಕೋಲಿನ ನಡುಭಾಗವನ್ನು ಮೆಲ್ಲಗೆ ಮೀಟರ್ ಮೇಲೆ ಆಡಿಸಿ ಅತಿ ಹೆಚ್ಚಿನ ಅಂಕಿ ಬರೆದುಕೊಳ್ಳಿ. ಆ ಲಕ್ಸ್ × 100 ನಿಮ್ಮ ಕ್ಯಾಂಡೆಲಾ. ಅದರ ವರ್ಗಮೂಲ × 2 ಮೀಟರ್. 700 ಮೀಟರ್ ನಿಜವಾಗಬೇಕಾದರೆ 10 ಮೀಟರಿನಲ್ಲಿ 1225 ಲಕ್ಸ್ ತೋರಿಸಬೇಕು.

ಅಲ್ಲಿಗೇ ನಿಲ್ಲಿಸಬೇಡಿ. 3ನೇ ನಿಮಿಷ ಒಂದು, 10ನೇ ನಿಮಿಷ ಒಂದು ಅಂಕಿ ತೆಗೆಯಿರಿ. ಸಣ್ಣ ಮೈಯ ಟಾರ್ಚ್ ಬಿಸಿ ಚೆಲ್ಲಲಾರದು. ಸುಟ್ಟುಹೋಗದಿರಲಿ ಅಂತ ಡ್ರೈವರ್ (ಎಲ್‌ಇಡಿಗೆ ಕರೆಂಟ್ ಅಳೆದು ಕೊಡುವ ಸರ್ಕ್ಯೂಟ್) ತಾನೇ ಬೆಳಕು ಇಳಿಸುತ್ತೆ. ಎಷ್ಟಕ್ಕೆ ಇಳಿದು ನಿಲ್ಲುತ್ತೋ ಅದೇ ನಿಮಗೆ ಸಿಕ್ಕಿದ ಟಾರ್ಚ್.

ಹಾವೇರಿ ಪಂಪ್‌ಸೆಟ್: ಸರ ಎಷ್ಟ್ ಲುಮೆನ್ ತಗೊಂಡ್ರ ಛಲೋ?

ರಿಪೇರಿ ಬೆಂಚ್: ಮೇಲಿನದನ್ನು ಓದಿ.

ಸಾಗರ ಅಡಿಕೆ: ನಮಸ್ಕಾರ ಸರ್. 18650 ಟಾರ್ಚ್, ಮೊದಲು ತೋಟದ ಆಚೆ ತುದಿಯ ಮರದ ಗೊನೆ ಕಾಣುತ್ತಿತ್ತು. ಈಗ ಅರ್ಧ ದೂರವೂ ಇಲ್ಲ. ಗೋಡೆಗೆ ಬಿಟ್ಟರೆ ಬೆಳಕಿನ ನಡುವೆ ಕಪ್ಪು ಚುಕ್ಕೆ, ಸುತ್ತ ಬಳೆಯ ಹಾಗೆ. ಒಳಗೆ ಮಂಜು ಕಟ್ಟಿತ್ತು ಅಂತ ತಲೆ ಬಿಚ್ಚಿ ಒರೆಸಿದ್ದೆವು. ಗುಂಪಿನಲ್ಲಿ ಬಂದ ವಿಡಿಯೋದ ಹಾಗೆ ಒಳಗಿನ ಬಟ್ಟಲಿಗೆ ಟೂತ್‌ಪೇಸ್ಟ್ ಹಚ್ಚಿ ಉಜ್ಜಿದ್ದೂ ಆಯ್ತು.

ರಿಪೇರಿ ಬೆಂಚ್: ಎರಡು ಬೇರೆ ಬೇರೆ ತೊಂದರೆ ಸೇರಿಕೊಂಡಿವೆ.

ಕಪ್ಪು ಚುಕ್ಕೆ ಫೋಕಸ್ ತಪ್ಪಿದ್ದರ ಗುರುತು. ಎಲ್‌ಇಡಿ ಸುತ್ತ ಬಿಳಿ ಪ್ಲಾಸ್ಟಿಕ್ ಬಳೆ ಇರುತ್ತೆ, ರಿಫ್ಲೆಕ್ಟರ್ (ನೀವು ಹೇಳಿದ ಬಟ್ಟಲು) ಅದರ ಮೇಲೆ ಕೂರುತ್ತೆ. ಅದು ಎಲ್‌ಇಡಿಯನ್ನು ನಟ್ಟನಡುವೆ ಹಿಡಿಯುತ್ತೆ, ಎತ್ತರವನ್ನೂ ಕಾಯುತ್ತೆ. ಅರ್ಧ ಮಿ.ಮೀ. ಎತ್ತರ ತಪ್ಪಿದರೂ ಕೋಲು ಬಿಚ್ಚಿಕೊಳ್ಳುತ್ತೆ. ಬಿಚ್ಚಿದಾಗ ಬಳೆ ತಲೆಕೆಳಗಾಗಿದೆಯೋ, ಕಳೆದುಹೋಗಿದೆಯೋ, ಮುಂದಿನ ಉಂಗುರ ಪೂರ್ತಿ ಬಿಗಿಯಾಗಿಲ್ಲವೋ ನೋಡಿ. ಬಳೆ ಕಳೆದಿದ್ದರೆ ಟಾರ್ಚ್ ಹಚ್ಚಲೇಬೇಡಿ, ಲೋಹದ ರಿಫ್ಲೆಕ್ಟರ್ ಎಲ್‌ಇಡಿಯ ಬೆಸುಗೆಗೆ ತಾಗಿ ಶಾರ್ಟ್ ಆಗುತ್ತೆ. ಬಳೆ ಸರಿ ಕೂತ ಮೇಲೂ ಚುಕ್ಕೆ ಇದ್ದರೆ 5 ಮೀಟರ್ ದೂರದ ಗೋಡೆಗೆ ಬಿಟ್ಟು, ಉಂಗುರವನ್ನು ಕಾಲು ಸುತ್ತು ಬಿಗಿ, ಕಾಲು ಸುತ್ತು ಸಡಿಲ ಮಾಡಿ ನೋಡಿ. ಯಾವ ಕಡೆಗೆ ಚುಕ್ಕೆ ಕಿರಿದಾಗುತ್ತೋ ಆ ಕಡೆಗೆ ಬಳೆಯ ದಪ್ಪ ಬದಲಾಯಿಸಬೇಕು. ಉಂಗುರ ಸಡಿಲ ಬಿಟ್ಟೇ ಬಳಸಬೇಡಿ, ನೀರು ಹೋಗುತ್ತೆ.

ಟೂತ್‌ಪೇಸ್ಟ್ ಮಾಡಿದ್ದು ಸರಿಪಡಿಸಲಾಗದ ಹಾನಿ. ಆ ಬಟ್ಟಲಿನ ಹೊಳಪು ಒಂದು ಮೈಕ್ರಾನಿಗಿಂತ ತೆಳುವಾದ ಅಲ್ಯುಮಿನಿಯಂ ಲೇಪ. ಬೆರಳು ತಾಗಿದರೂ ಗುರುತು ಉಳಿಯುತ್ತೆ, ಟೂತ್‌ಪೇಸ್ಟಿನಲ್ಲಿ ಇರುವುದು ಉಜ್ಜುವ ಪುಡಿ. ಲೇಪ ಹೋದ ಬಟ್ಟಲಿಗೆ ಪಾಲಿಶ್ ಇಲ್ಲ. ಅದೇ ಅಳತೆಯ ಹೊಸದು ಹಾಕಬೇಕು. ರಿಫ್ಲೆಕ್ಟರಿಗೆ ಗಾಳಿ ಊದುವ ರಬ್ಬರ್ ಬುರುಡೆ ಬಿಟ್ಟು ಬೇರೇನೂ ಸೋಕಬಾರದು. ಆ ವಿಡಿಯೋ ಇನ್ನು ಯಾರಿಗೂ ಕಳಿಸಬೇಡಿ.

ಮಸ್ಕತ್ ಕನ್ನಡಿಗ: ಊರಿಗೆ ಬರುವಾಗ ಎರಡು ಟಾರ್ಚ್, ನಾಲ್ಕು ಬಿಡಿ ಸೆಲ್ ತರಬೇಕು. ವಿಮಾನದಲ್ಲಿ ಬಿಡ್ತಾರಾ?

ರಿಪೇರಿ ಬೆಂಚ್: ಬಿಡಿ ಲಿಥಿಯಂ ಸೆಲ್ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಪೆಟ್ಟಿಗೆಯಲ್ಲಿ ಅಲ್ಲ. ಒಂದೊಂದಕ್ಕೂ ಪ್ಲಾಸ್ಟಿಕ್ ಡಬ್ಬಿ, ಇಲ್ಲವೇ ಎರಡೂ ತುದಿಗೆ ಟೇಪ್. 21700 ಆದರೆ ಒಂದು ಸೆಲ್ 18 ವ್ಯಾಟ್-ಅವರ್ ಸುತ್ತಮುತ್ತ, 100ರ ಮಿತಿಗಿಂತ ಬಹಳ ಕೆಳಗೆ. ಸೆಲ್ ತೆಗೆದ ಖಾಲಿ ಟಾರ್ಚ್ ಪೆಟ್ಟಿಗೆಯಲ್ಲಿ ಹಾಕಿ. ವಿಮಾನ ಸಂಸ್ಥೆಯ ನಿಯಮವನ್ನೂ ಒಮ್ಮೆ ನೋಡಿಕೊಳ್ಳಿ.

ಪುತ್ತೂರು ರಬ್ಬರ್: ಜೂಮ್ ಆಗುವ ಟಾರ್ಚ್ ಇದೆಯಲ್ಲ ಮಾರಾಯ್ರೆ, ತಲೆ ಎಳೆದರೆ ದೂರ ಹೋಗ್ತದೆ. ಬೆಲೆಯೂ ಕಡಿಮೆ. ಅದು ಸಾಲದಾ?

ರಿಪೇರಿ ಬೆಂಚ್: ಎಳೆದಾಗ ಲೆನ್ಸ್ ಎಲ್‌ಇಡಿಯಿಂದ ದೂರವಾಗಿ ಪಕ್ಕದ ಬೆಳಕೆಲ್ಲ ಒಳಗೋಡೆಗೆ ಬಿದ್ದು ಹಾಳಾಗುತ್ತೆ. ದೂರದಲ್ಲಿ ಚೌಕಾಕಾರದ ಒಂದು ತುಂಡು ಬೆಳಕು, ಕಾಲ ಬಳಿ ಕತ್ತಲು. ಇನ್ನೊಂದು, ತಲೆ ಎಳೆದಾಗಲೆಲ್ಲ ಪಂಪಿನ ಹಾಗೆ ತೇವದ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತೆ. ನಿಮ್ಮ ಕಡೆಯ ಮಳೆಗೆ ಬೇಡ.

ಸಕಲೇಶಪುರ ಏಲಕ್ಕಿ: ಈ ಫಾರ್ವರ್ಡ್ ನಿಜವಾ ಸರ್: "ಸತ್ತ ಲಿಥಿಯಂ ಸೆಲ್‌ಗೆ ಒಳ್ಳೆ ಸೆಲ್‌ನಿಂದ ವೈರ್ ಕೊಟ್ಟು 10 ಸೆಕೆಂಡ್ ಹಿಡಿದರೆ ಜೀವ ಬರುತ್ತೆ, ಚಾರ್ಜರ್ ಒಪ್ಪಿಕೊಳ್ಳುತ್ತೆ." ನಮ್ಮ ಟಾರ್ಚಿನಲ್ಲಿ ಒಂದರ ಹಿಂದೆ ಒಂದು ಎರಡು 18650. ಒಂದು ಹೊಸದು, ಒಂದು ಲ್ಯಾಪ್‌ಟಾಪ್ ಬ್ಯಾಟರಿಯಿಂದ ಬಿಚ್ಚಿದ್ದು. ನಿನ್ನೆ ಬೆಳಕು ಏಕ್ದಂ ಕುಸಿಯಿತು, ಹಿಂಭಾಗ ಮುಟ್ಟಲಾರದಷ್ಟು ಬಿಸಿ. ಅಳೆದರೆ ಹೊಸದು 3.7, ಹಳೆಯದು 0.8 ವೋಲ್ಟ್. ವಿಡಿಯೋದಂತೆ ಮಾಡಿದ ಮೇಲೆ ಚಾರ್ಜರ್ ತಗೊಂಡಿದೆ, ಈಗ 3.4 ತೋರಿಸ್ತಿದೆ.

ರಿಪೇರಿ ಬೆಂಚ್: ಮೊದಲು ಚಾರ್ಜರಿನ ಪ್ಲಗ್ ತೆಗೆಯಿರಿ. ಆಮೇಲೆ ಮುಂದಿನದನ್ನು ಓದಿ.

ಸೆಲ್ ಬೆಚ್ಚಗಿದ್ದರೆ ಕೈ ಹಾಕಬೇಡಿ. ತಣ್ಣಗಿದ್ದರೆ ಒಣ ಮರಳು ತುಂಬಿದ ಕಬ್ಬಿಣದ ಬಕೆಟ್ಟಿಗೆ ಹಾಕಿ ಮನೆಯ ಹೊರಗೆ, ಸೌದೆ, ತರಗು, ಗೋಣಿಚೀಲ, ಪೆಟ್ರೋಲು ಹತ್ತಿರ ಇಲ್ಲದ ಕಡೆ ಇಡಿ. ಮಕ್ಕಳು, ದನ ಆ ಕಡೆ ಹೋಗದಿರಲಿ. ಬುಸ್ ಅನ್ನುವ ಸದ್ದು ಅಥವಾ ನೈಲ್ ಪಾಲಿಶ್ ತರಹದ ವಾಸನೆ ಬಂದರೆ ದೂರ ಸರಿಯಿರಿ, ಆ ಹೊಗೆ ವಿಷ.

ಏನಾಗಿದೆ ಅಂದರೆ: ಸಾಲಾಗಿ ಜೋಡಿಸಿದ ಎರಡು ಸೆಲ್‌ನಲ್ಲಿ ಬಡ ಸೆಲ್ ಮೊದಲು ಖಾಲಿಯಾಗುತ್ತೆ. ಗಟ್ಟಿ ಸೆಲ್ ಸುಮ್ಮನಿರಲ್ಲ, ಖಾಲಿಯಾದದ್ದರ ಮೂಲಕವೇ ಕರೆಂಟ್ ನೂಕುತ್ತೆ. ವೋಲ್ಟೇಜ್ ಸೊನ್ನೆಗೆ ಇಳಿದು ಉಲ್ಟಾ ಕೂಡ ಆಗಬಹುದು. ಅಷ್ಟು ಆಳಕ್ಕೆ ಇಳಿದ ಸೆಲ್‌ನ ಒಳಗಿನ ತಾಮ್ರದ ಹಾಳೆ ಕರಗಲು ಶುರು. ಮತ್ತೆ ಚಾರ್ಜ್ ಮಾಡಿದಾಗ ಕರಗಿದ ತಾಮ್ರ ಎಲ್ಲೆಂದರಲ್ಲಿ ಮುಳ್ಳಿನ ಹಾಗೆ ಕೂರುತ್ತೆ, ನಡುವಿನ ತೆಳು ಪೊರೆಯನ್ನು ಚುಚ್ಚಿ ಒಳಗೇ ಶಾರ್ಟ್ ಮಾಡುತ್ತೆ. ಇವತ್ತೇ ಆಗಬೇಕೆಂದಿಲ್ಲ. ನಾಲ್ಕನೇ ಚಾರ್ಜಿನಲ್ಲಿ, ರಾತ್ರಿ ಎಲ್ಲರೂ ಮಲಗಿದಾಗ ಆಗಬಹುದು. ಚಾರ್ಜರ್ 0.8 ವೋಲ್ಟ್ ಸೆಲ್ ಬೇಡ ಅಂದದ್ದು ಅದರ ದೋಷವಲ್ಲ, ನಿಮ್ಮನ್ನು ಕಾಯುವ ಕೆಲಸ. ವಿಡಿಯೋ ಹೇಳಿಕೊಟ್ಟದ್ದು ಆ ಕಾವಲು ತಪ್ಪಿಸುವ ದಾರಿ.

ಟಾರ್ಚಿನ ಮೈ ಗಾಳಿಯಾಡದ ಅಲ್ಯುಮಿನಿಯಂ ಕೊಳವೆ ಅನ್ನುವುದು ನೆನಪಿರಲಿ. ಬಿಡಿ ಸೆಲ್ ಸಿಡಿದರೆ ಹೊಗೆ, ಬೆಂಕಿ. ಕೊಳವೆಯೊಳಗೆ ಸಿಡಿದರೆ ಒತ್ತಡ ಕಟ್ಟಿ ತಲೆಯೋ ಬಾಲವೋ ಗುಂಡಿನ ಹಾಗೆ ಹಾರುತ್ತೆ. ಕಣ್ಣಿನ ಎತ್ತರದಲ್ಲಿ ಹಿಡಿಯುವ ವಸ್ತು ಇದು.

ಪ್ಲಗ್ ತೆಗೆದಿರಾ? ಹೇಳಿ.

ಕೊಪ್ಪ ಎಲೆಕ್ಟ್ರಾನಿಕ್ಸ್: ಸುಮ್ಮನೆ ಹೆದರಿಸ್ತೀರ. ಹೀಗೆ ಎಬ್ಬಿಸಿದ ಸೆಲ್ ಎಷ್ಟೋ ಓಡ್ತಾ ಇವೆ.

ರಿಪೇರಿ ಬೆಂಚ್: 2.5ರ ಕೆಳಗೆ ಒಂದೆರಡು ಗಂಟೆ ಇದ್ದ ಸೆಲ್‌ಗೂ ಉಲ್ಟಾ ಹೊಡೆಸಿಕೊಂಡ 0.8ರ ಸೆಲ್‌ಗೂ ವ್ಯತ್ಯಾಸ ಇದೆ. ನೀವೂ ಅಂಗಡಿ ಇಟ್ಟವರು, ನಿಮಗೆ ಗೊತ್ತಿರಬೇಕು. ಈ ಮಾತನ್ನು ಇಲ್ಲಿ ಬರೆಯಬೇಡಿ, ಓದಿ ಮಾಡುವವರಿದ್ದಾರೆ.

ಮೂಡಿಗೆರೆ ಕಾಫಿ: ಸರ್, ಮೀಟರ್ ಸಿಕ್ಕಿತು. 30 ಸೆಕೆಂಡಿಗೆ 620 ಲಕ್ಸ್. 3 ನಿಮಿಷಕ್ಕೆ 210. 10 ನಿಮಿಷಕ್ಕೂ 210.

ರಿಪೇರಿ ಬೆಂಚ್: 620 ಅಂದರೆ 62,000 ಕ್ಯಾಂಡೆಲಾ, ಸುಮಾರು 498 ಮೀಟರ್. 210ಕ್ಕೆ 290 ಮೀಟರ್. ಬೆಳಕು ಮೂರನೇ ಒಂದಕ್ಕೆ ಇಳಿದರೂ ದೂರ ಅಷ್ಟು ಇಳಿಯಲ್ಲ, ವರ್ಗಮೂಲದ ಲೆಕ್ಕ ಅಂದದ್ದು ಅದಕ್ಕೇ. ಆದರೆ 290 ಕೂಡ ಬೆಳದಿಂಗಳ ಅಳತೆ. ಅಲ್ಲಿ ನಿಂತದ್ದು ಹಸುವೋ ಕಾಡೆಮ್ಮೆಯೋ ಅಂತ ಗುರುತು ಹಿಡಿಯಲು ಅದರ ಅರ್ಧ, ಕಾಫಿ ಗಿಡದ ಕಡು ಹಸಿರಿನಲ್ಲಿ ಮೂರನೇ ಒಂದು. 40 ಮಿ.ಮೀ. ತಲೆಗೆ ಒಳ್ಳೆಯ ಟಾರ್ಚೇ, ಡಬ್ಬದ ಮೇಲಿನ 700 ಸುಳ್ಳು. ಇನ್ನೂ ದೂರ ಬೇಕಿದ್ದರೆ ತಲೆ ಅಗಲವಾಗಬೇಕು. ಅದೇ ಎಲ್‌ಇಡಿಗೆ ರಿಫ್ಲೆಕ್ಟರಿನ ಅಗಲ ಎರಡರಷ್ಟಾದರೆ ದೂರವೂ ಹೆಚ್ಚುಕಡಿಮೆ ಎರಡರಷ್ಟು. ಜೇಬಿಗೆ ಹೋಗಬೇಕು, ಕಿಲೋಮೀಟರ್ ಹೊಡೆಯಬೇಕು ಅನ್ನುವುದು ಮಾಮೂಲಿ ಎಲ್‌ಇಡಿಯಲ್ಲಿ ಆಗದ ಮಾತು.

ಕೊಡಗು ಮೆಣಸು: ಮಂಜಿನಲ್ಲಿ ಹಳದಿ ಬೆಳಕೇ ಬೇಕು. 6500 ಕೆಲ್ವಿನ್ ಬಿಳಿ ಟಾರ್ಚ್ ತಗೊಂಡವರೆಲ್ಲ ದುಡ್ಡು ಹಾಳು ಮಾಡಿಕೊಂಡ ಹಾಗೆ.

ಕೊಪ್ಪ ಎಲೆಕ್ಟ್ರಾನಿಕ್ಸ್: ಮಂಜಿನ ಹನಿ ದೊಡ್ಡದು, ಬಣ್ಣ ನೋಡಿ ಚದುರಿಸಲ್ಲ. ಹಳದಿ ಕಣ್ಣಿಗೆ ಹಿತ, ಅಷ್ಟೆ. ದೂರ ಹೆಚ್ಚಾಗಲ್ಲ.

ಕೊಡಗು ಮೆಣಸು: ಮಳೆಗಾಲದಲ್ಲಿ ಒಮ್ಮೆ ಇಲ್ಲಿ ಬಂದು ಹಚ್ಚಿ ನೋಡಿ, ಆಮೇಲೆ ಪಾಠ ಹೇಳಿ.

ಕೊಪ್ಪ ಎಲೆಕ್ಟ್ರಾನಿಕ್ಸ್: ಕೊಪ್ಪದಲ್ಲಿ ಮಳೆ ಬರಲ್ವಾ?

ಪುತ್ತೂರು ರಬ್ಬರ್: ಆನೆ ಬಂದರೆ ಸ್ಟ್ರೋಬ್ ಹಾಕಿದರೆ ಓಡ್ತದಂತೆ, ಹೌದಾ?

ಕೊಡಗು ಮೆಣಸು: ಯಾರು ಹೇಳಿದ್ದು ನಿಮಗೆ? ಮುಖಕ್ಕೆ ಮಿಣಮಿಣ ಬಿಟ್ಟರೆ ಅದು ನಿಮ್ಮ ಕಡೆಗೇ ಓಡಿ ಬಂದರೂ ಬಂತು.

ಸಾಗರ ಅಡಿಕೆ: ನಮ್ಮ ಕಡೆ ಪಟಾಕಿಗೇ ಹೆದರಲ್ಲ, ಇನ್ನು ಟಾರ್ಚು.

ಪುತ್ತೂರು ರಬ್ಬರ್: ಕೇಳಿದ್ದಕ್ಕೆ ಇಷ್ಟು ಸಿಟ್ಟು ಯಾಕೆ?

ರಿಪೇರಿ ಬೆಂಚ್: ಆನೆಯ ವಿಚಾರಕ್ಕೆ ಟಾರ್ಚ್ ಮದ್ದಲ್ಲ. ದೂರದಿಂದ ಕಂಡುಕೊಂಡು ಹಿಂದೆ ಸರಿಯಲು ಮಾತ್ರ ಬೆಳಕು. ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಮಂಜಿನ ವಿಚಾರ: ಬಣ್ಣಕ್ಕಿಂತ ಹಿಡಿಯುವ ಜಾಗ ಮುಖ್ಯ. ಕಣ್ಣಿನ ಪಕ್ಕ ಹಿಡಿದರೆ ಹನಿಗಳಿಂದ ವಾಪಸ್ ಬರುವ ಬೆಳಕು ನೇರ ಕಣ್ಣಿಗೇ ಬಂದು ಬಿಳಿ ಗೋಡೆ ಆಗುತ್ತೆ. ಸೊಂಟದ ಕೆಳಗೆ, ಕೈ ಚಾಚಿ ಪಕ್ಕಕ್ಕೆ ಹಿಡಿಯಿರಿ, ಬೆಳಕು ಕಡಿಮೆ ಮಾಡಿ. ಜಗಳ ಸಾಕು. ಸಕಲೇಶಪುರದವರು ಇನ್ನೂ ಉತ್ತರ ಕೊಟ್ಟಿಲ್ಲ, ಯಾರಾದರೂ ಅವರಿಗೆ ಫೋನ್ ಮಾಡಿ.

ಹಾವೇರಿ ಪಂಪ್‌ಸೆಟ್: ಸರ, ಗ್ವಾಡಿಗೆ ಚುಚ್ಚಿ ಚಾರ್ಜ್ ಮಾಡೋ ಹಳೇ ಪಿನ್ ಟಾರ್ಚ್ ಐತ್ರಿ. ಅದರ 4 ವೋಲ್ಟ್ ಬ್ಯಾಟರಿ ತಗದು 18650 ಹಾಕಬೌದಾ?

ರಿಪೇರಿ ಬೆಂಚ್: ಬೇಡ. ಅದು ಲೆಡ್-ಆ್ಯಸಿಡ್ ಬ್ಯಾಟರಿಗೆ ಮಾಡಿದ ಚಾರ್ಜಿಂಗ್, 4.2ಕ್ಕೆ ನಿಲ್ಲಿಸುವ ಭಾಗವೇ ಇಲ್ಲ. ಅಗ್ಗದ ಇಂಥ ಟಾರ್ಚುಗಳಲ್ಲಿ ಟ್ರಾನ್ಸ್‌ಫಾರ್ಮರೂ ಇರಲ್ಲ, ಒಂದು ಕೆಪಾಸಿಟರ್, ನಾಲ್ಕು ಡಯೋಡ್, ಅಷ್ಟೇ. ಪ್ಲಗ್ಗಿನಲ್ಲಿದ್ದಾಗ ಒಳಗಿನ ಪ್ರತಿ ತಂತಿಯೂ 230 ವೋಲ್ಟ್ ಲೈನಿಗೆ ಸೇರಿದ್ದು. ಕಿತ್ತ ಮೇಲೂ ಪಿನ್ ಮುಟ್ಟಿದರೆ ಹೊಡೆಯಬಹುದು.

ತೀರ್ಥಹಳ್ಳಿ ಹೊಸಬ: 9900 ಎಂಎಎಚ್ 18650 ಸೆಲ್ ಆನ್‌ಲೈನಲ್ಲಿ ಸಿಗುತ್ತೆ, ತಗೋಬಹುದಾ? ಆ ಟಾರ್ಚ್ 10,000 ಲುಮೆನ್, 4 ಗಂಟೆ ಅಂತೆ.

ರಿಪೇರಿ ಬೆಂಚ್: 18650ರಲ್ಲಿ ಸಿಗುವುದೇ 3500ರ ಆಸುಪಾಸು. ಅಡುಗೆ ತಕ್ಕಡಿಯಲ್ಲಿ ತೂಗಿ. ಅಷ್ಟು ಹಿಡಿಯುವ ಸೆಲ್ 45ರಿಂದ 50 ಗ್ರಾಂ ಬರುತ್ತೆ, 30 ಚಿಲ್ಲರೆ ಬಂದರೆ ಒಳಗೆ ಸರಕಿಲ್ಲ. 3500 × 3.6 ವೋಲ್ಟ್ ಅಂದರೆ 12.6 ವ್ಯಾಟ್-ಅವರ್. ವ್ಯಾಟಿಗೆ 100 ಲುಮೆನ್ ಹಿಡಿದರೆ 1260 ಲುಮೆನ್ ಒಂದು ಗಂಟೆ. ಅವರು ಹೇಳುವುದು 10,000 ಲುಮೆನ್ 4 ಗಂಟೆ, ಅಂದರೆ ಒಂದು ಗಂಟೆಯ ಲೆಕ್ಕಕ್ಕೆ 40,000. ತಗೋಬೇಡಿ.

ತೀರ್ಥಹಳ್ಳಿ ಹೊಸಬ: ಹಾಗಾದರೆ ಎಷ್ಟು ಲುಮೆನ್ ತಗೋಬೇಕು ಸರ್?

ಹಾವೇರಿ ಪಂಪ್‌ಸೆಟ್: ನಾನೂ ಅದನ್ನ ಕೇಳಿದ್ದೆ, ಯಾರೂ ಹೇಳಲಿಲ್ಲ.

ಶಿರಸಿ ಜೇನು: ಓ-ರಿಂಗ್‌ಗೆ (ನೀರು ತಡೆಯುವ ರಬ್ಬರ್ ಉಂಗುರ) ಕೊಬ್ಬರಿ ಎಣ್ಣೆ ಹಚ್ಚಿದರೆ ನೀರು ಹೋಗಲ್ಲ ಅಂತ ಬಂದಿದೆ.

ರಿಪೇರಿ ಬೆಂಚ್: ಹಚ್ಚಬೇಡಿ. ಚಳಿಗೆ ಹೆಪ್ಪುಗಟ್ಟುತ್ತೆ, ಧೂಳು ಹಿಡಿದು ಅಂಟಾಗುತ್ತೆ. ಸಿಲಿಕೋನ್ ಗ್ರೀಸ್, ಅಕ್ಕಿಕಾಳಿನಷ್ಟು. ಫಾರ್ವರ್ಡ್ ಬೇಡ ಅಂತ ಮೊದಲ ಸಾಲಿನಲ್ಲೇ ಇದೆ.

ಗುಂಡ್ಲುಪೇಟೆ ರಾಗಿ: ಲೇಸರ್ ಬೆಳಕಿನ ಎಲ್‌ಇಪಿ ಟಾರ್ಚ್ ಬಗ್ಗೆ ಹೇಳಿ ಸರ್. ಅದು ಸಣ್ಣ ತಲೆಯಲ್ಲೂ ಕಿಲೋಮೀಟರ್ ಹೋಗುತ್ತಂತೆ.

ಸಕಲೇಶಪುರ ಏಲಕ್ಕಿ: ಕ್ಷಮಿಸಿ, ನೆಟ್‌ವರ್ಕ್ ಇರಲಿಲ್ಲ. ಆಗಲೇ ಪ್ಲಗ್ ತೆಗೆದು ಮರಳಿನ ಬಕೆಟ್ಟಿನಲ್ಲಿ ಅಂಗಳದಾಚೆ ಇಟ್ಟೆವು. ಆಗ 3.41 ವೋಲ್ಟ್ ಇತ್ತು. ಈಗ ಸೆಲ್ ತಣ್ಣಗಿದೆ, ಅಳೆದರೆ 2.87.

ರಿಪೇರಿ ಬೆಂಚ್: ಏನೂ ಜೋಡಿಸದೆ ಕೆಲವೇ ಗಂಟೆಯಲ್ಲಿ ಅರ್ಧ ವೋಲ್ಟ್ ಇಳಿದಿದೆ. ಒಳಗೇ ಸೋರುತ್ತಿದೆ, ಆ ಸೆಲ್ ಮುಗಿಯಿತು. ಇವತ್ತು ರಾತ್ರಿ ಬಕೆಟ್ ಅಲ್ಲೇ ಇರಲಿ. ನಾಳೆ ಎರಡು ತುದಿಗೂ ಟೇಪ್ ಸುತ್ತಿ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಹೂಳಬೇಡಿ, ಒಲೆಗೆ ಹಾಕಬೇಡಿ, ಉಪ್ಪುನೀರಿಗೂ ಬೇಡ.

ಹೊಸ ಸೆಲ್ಲನ್ನೂ ನಂಬಬೇಡಿ, ಆ ಬಿಸಿಯನ್ನು ಅದೂ ಉಂಡಿದೆ. ಪ್ಲಾಸ್ಟಿಕ್ ಹೊದಿಕೆ ಸುಕ್ಕಾಗಿದೆಯೋ, ಹರಿದಿದೆಯೋ ನೋಡಿ; ಹೊದಿಕೆಯೊಳಗಿನ ಡಬ್ಬಿ ಪೂರ್ತಿ ನೆಗೆಟಿವ್, ಪಾಸಿಟಿವ್ ತುದಿಗೂ ಅದಕ್ಕೂ ಎಳ್ಳಷ್ಟೇ ಅಂತರ. ಹೊದಿಕೆ ಸರಿಯಿದ್ದರೆ ಎಚ್ಚರವಿದ್ದು ಕಣ್ಣೆದುರೇ 4.20ಕ್ಕೆ ಚಾರ್ಜ್ ಮಾಡಿ, ಟಾರ್ಚಿಗೆ ಹಾಕದೆ ಒಂದು ವಾರ ಹೊರಗಿಡಿ. 4.10ರ ಕೆಳಗೆ ಇಳಿದರೆ ಅದೂ ಹಿಂದಿನದರ ಜೊತೆಗೆ. ಆ ಟಾರ್ಚಿಗೆ ಮತ್ತೆ ಬೇರೆ ಬೇರೆ ವಯಸ್ಸಿನ ಎರಡು ಸೆಲ್ ಹಾಕಬೇಡಿ. ಒಂದೇ 21700 ಸೆಲ್‌ನ ಟಾರ್ಚ್ ತಗೊಂಡರೆ ಉಲ್ಟಾ ಚಾರ್ಜಿನ ಮಾತೇ ಇಲ್ಲ.

ಸಕಲೇಶಪುರ ಏಲಕ್ಕಿ: ಹೊದಿಕೆ ಪಾಸಿಟಿವ್ ಕಡೆ ಕಡ್ಡಿಯಷ್ಟು ಹರಿದಿದೆ ಸರ್.

ರಿಪೇರಿ ಬೆಂಚ್: ಹಾಗಿದ್ದರೆ ಚಾರ್ಜ್ ಮಾಡಬೇಡಿ. ಅದನ್ನೂ ಟೇಪ್ ಸುತ್ತಿ ಮರಳಿಗೆ ಹಾಕಿ.