ಹೊಳೆನರಸೀಪುರ ಮನೆ ಗ್ರೂಪಿನಲ್ಲಿ ನೂರು ಬಸ್ಕಿ

ಭಾನುವಾರ ಬೆಳಗ್ಗೆ 6:40ಕ್ಕೆ ದೊಡ್ಡಪ್ಪ ಹಾಕಿದ್ದು ಇದು, ಹಲವು ಸಲ ಫಾರ್ವರ್ಡ್ ಆಗಿದೆ ಅನ್ನೋ ಜೋಡಿ ಬಾಣದ ಗುರುತಿನ ಸಮೇತ:

"ಎಚ್ಚರ!! ಅಮೆರಿಕದ ಕಾಲೇಜಿನಲ್ಲಿ 13 ಫುಟ್‌ಬಾಲ್ ಆಟಗಾರರು ಬಸ್ಕಿ ಹೊಡೆದು ಆಸ್ಪತ್ರೆ ಪಾಲು. ಕಿಡ್ನಿಗೆ ಕುತ್ತು. ಜಿಮ್‌ಗೆ ಹೋಗುವ ಮಕ್ಕಳ ತಂದೆ ತಾಯಿಗೆ ತಪ್ಪದೆ ಕಳಿಸಿ."

ದೊಡ್ಡಪ್ಪ: ವಿನಯ, ಓದು ಇದನ್ನ. ಆ ಪ್ರೋಟೀನ್ ಪೌಡರ್ ಡಬ್ಬಾ ಮೊದಲು ಆಚೆ ಎಸಿ.

ವಿನಯ: ಯಾವ ಕಾಲೇಜು, ಯಾವ ವರ್ಷ ದೊಡ್ಡಪ್ಪ? ಲಿಂಕ್ ಎಲ್ಲಿ?

ದೊಡ್ಡಪ್ಪ: ಡಾಕ್ಟರೇ ಹೇಳಿದಾರೆ.

ವಿನಯ: ಡಾಕ್ಟರ್ ಹೆಸರೇ ಇಲ್ವಲ್ಲ. 2016ರಲ್ಲಿ ಎರಡು ಸಾವಿರದ ನೋಟಲ್ಲಿ ಚಿಪ್ ಇದೆ ಅಂತಾನೂ ಇದೇ ಗ್ರೂಪಲ್ಲಿ ಬಂದಿತ್ತು.

ದೊಡ್ಡಪ್ಪ: ಅದನ್ನ ಹಾಕಿದ್ದು ನಾನಲ್ಲಪ್ಪ, ನಿಮ್ಮಪ್ಪ.

ಚಿಕ್ಕಪ್ಪ: ಬಂದಿದ್ದನ್ನ ಕಳಿಸಿದೆ ಅಷ್ಟೆ. ಅಣ್ಣ, ಗೃಹಪ್ರವೇಶದ ಕಾರ್ಡಲ್ಲಿ ನಿನ್ನ ಹೆಸರು ಎರಡನೇದಾಯ್ತು ಅನ್ನೋದು ನಿನ್ನ ಮನಸ್ಸಿಂದ ಇನ್ನೂ ಹೋಗಿಲ್ಲ.

ಶಾಂತತ್ತೆ: ಎದ್ದು ಕಾಫಿ ಕುಡಿದಿಲ್ಲ, ಶುರು ಮಾಡ್ಕೊಂಡ್ರಾ ಇಬ್ಬರೂ?

ಹಾಸನದ ಒಂದು ಹೈಸ್ಕೂಲಲ್ಲಿ ನಾನು ಪಿ.ಟಿ. ಮೇಷ್ಟ್ರು. ಈ ವಿಷಯ ಬಂದರೆ ಸುಮ್ಮನಿರೋಕೆ ನನ್ನ ಕೈಲಾಗಲ್ಲ. ಬರೆದೆ:

"ಸುದ್ದಿ ಸುಳ್ಳಲ್ಲ, ಹಳೇದು. ಅಯೋವಾ ವಿಶ್ವವಿದ್ಯಾಲಯ, ಜನವರಿ 2011. ಸುಮಾರು ಮೂರು ವಾರ ಚಳಿಗಾಲದ ರಜೆ ಮುಗಿಸಿ ಬಂದ ಹುಡುಗರು. ಒಂದೇ ಸಲಕ್ಕೆ ಹೊರಬಲ್ಲ ಅತಿ ಹೆಚ್ಚಿನ ಭಾರದ ಅರ್ಧದಷ್ಟನ್ನ ಹೆಗಲ ಮೇಲಿಟ್ಟು 100 ಬಸ್ಕಿ ಹೊಡೆಸಿದರು, ಗಡಿಯಾರ ನೋಡ್ತಾ. ಆಮೇಲೆ ಸ್ಲೆಡ್, ಅಂದ್ರೆ ಭಾರ ಹೇರಿದ ಚಕ್ರವಿಲ್ಲದ ಬಂಡಿ, ತಳ್ಳೋದು. 13 ಜನ ಅಡ್ಮಿಟ್ ಆದರು, ಎಲ್ಲರೂ ಚೇತರಿಸಿಕೊಂಡರು. ರ‍್ಯಾಬ್ಡೊ ಅಂತಾರೆ ಇದಕ್ಕೆ. ಸ್ನಾಯು ಮಿತಿಮೀರಿ ದುಡಿದು ಒಡೆದರೆ ಅದರೊಳಗಿನ ಮಯೋಗ್ಲೋಬಿನ್ ಅನ್ನೋ ಪ್ರೋಟೀನ್ ರಕ್ತಕ್ಕೆ ಸೇರುತ್ತೆ, ಸೋಸೋಕೆ ಹೋದ ಕಿಡ್ನಿಗೆ ಪೆಟ್ಟು ಬೀಳುತ್ತೆ. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತೆ. ವಿಶ್ವವಿದ್ಯಾಲಯ ನೇಮಿಸಿದ ತನಿಖಾ ಸಮಿತಿನೇ ಕಾರಣ ಆ ವರ್ಕೌಟ್ ಅಂತ ಹೇಳ್ತು. ಹುಡುಗರು ಏನೋ ತಗೊಂಡಿದ್ರು ಅಂತಲ್ಲ. ಅಷ್ಟಾದ ಮೇಲೂ ಅದೇ ವರ್ಷ ಆ ವರ್ಕೌಟ್ ಮಾಡಿಸಿದ ಟ್ರೈನರ್‌ಗೆ ಹೆಡ್ ಕೋಚ್ ಕರೆದು ವರ್ಷದ ಸಹಾಯಕ ಕೋಚ್ ಪ್ರಶಸ್ತಿ ಕೊಟ್ಟರು. ನನಗೆ ಹೊಟ್ಟೆ ಉರಿಯೋದು ಅದಕ್ಕೆ."

ದೊಡ್ಡಪ್ಪ: ನೋಡಿದ್ಯಾ, ನಾನು ಹೇಳಿದ್ದೇ ನಿಜ ಆಯ್ತು.

ವಿನಯ: ನೀವು ಹೇಳಿದ್ದು ಪ್ರೋಟೀನ್ ಪೌಡರ್ ಅಂತ.

ಚಿಕ್ಕಪ್ಪ: ಮೆಸ್ಸಿ ಈ ಟೀಮಲ್ಲಿದಾನಾ?

ವಿನಯ: ಅದು ಬೇರೆ ಫುಟ್‌ಬಾಲ್ ಅಪ್ಪ. ಇದು ಹೆಲ್ಮೆಟ್ ಹಾಕ್ಕೊಂಡು ಚೆಂಡು ಕಂಕುಳಲ್ಲಿಟ್ಕೊಂಡು ನುಗ್ಗೋದು.

ಮಂಜಣ್ಣ: ನೂರು ಬಸ್ಕಿಗೆ ಆಸ್ಪತ್ರೆನಾ! ಮಗ್ಗಿ ತಪ್ಪಿದ್ದಕ್ಕೆ ನಮ್ಮ ಮೇಷ್ಟ್ರು ಐವತ್ತು ಹೊಡೆಸ್ತಿದ್ರು, ಕಿವಿ ಹಿಡ್ಕೊಂಡು. ತಾತ ಗರಡೀಲಿ ಸಾಮು ಮಾಡಿ, ಹೇಮಾವತೀಲಿ ಮುಳುಗಿ ಎದ್ದು ಬಂದು, ಒಂದು ಚೊಂಬು ಬಾದಾಮಿ ಹಾಲು ಕುಡಿಯೋರು. ಆ ಮೈಕಟ್ಟು ಈಗ ಎಲ್ಲಿದೆ?

ಶಾಂತತ್ತೆ: ಆ ಹಾಲಿಗೆ ಅಮ್ಮ ಯಾರ ಮನೇಲಿ ಸಾಲ ಮಾಡ್ತಿದ್ದಳು ಅಂತ ನನ್ನ ಕೇಳು.

ದೊಡ್ಡಪ್ಪ: ಶಾಂತಾ, ಹೋದವರ ಬಗ್ಗೆ ಹಾಗೆಲ್ಲ ಬರೀಬಾರದು. ಈಗಿನ ಮಕ್ಕಳಿಗೆ ಶಿಸ್ತಿಲ್ಲ, ಅದೇ ಎಲ್ಲಕ್ಕೂ ಮೂಲ.

ನಾನು: ಮಂಜಣ್ಣ, ಗರಡೀಲಿ ಹೊಸಬನಿಗೆ ಮೊದಲ ದಿನ ಎಷ್ಟು ಬಸ್ಕಿ ಹೊಡೆಸ್ತಿದ್ರು?

ಮಂಜಣ್ಣ: ಇಪ್ಪತ್ತೋ ಇಪ್ಪತ್ತೈದೋ. ದಿನಾ ಎರಡೆರಡು ಏರಿಸೋರು. ಜ್ವರ ಬಂದು ಎದ್ದವನಿಗೆ ಮತ್ತೆ ಮೊದಲಿಂದ.

ನಾನು: ನಾನು ಹೇಳ್ತಿರೋದೂ ಅದೇ. ಮೈ ಪಳಗೋಕೆ ದಿನ ಬೇಕು. 2017ರ ಜನವರಿಯಲ್ಲಿ ಒರೆಗಾನ್ ವಿಶ್ವವಿದ್ಯಾಲಯದಲ್ಲೂ ಮೂವರು ಅಡ್ಮಿಟ್ ಆದರು. ಅಲ್ಲೂ ರಜೆ ಮುಗಿದಿದ್ದೇ ತಡ, ಹೊಸ ಕೋಚ್ ಬಂದ ಹೊಸದರಲ್ಲಿ. ಯಾರು ಗಟ್ಟಿ ಅಂತ ಮೊದಲ ವಾರದಲ್ಲೇ ನೋಡಿಬಿಡಬೇಕು ಅನ್ನೋ ಹಟ ಇದು. ಶಿಸ್ತು ಅಲ್ಲ ದೊಡ್ಡಪ್ಪ.

ದೊಡ್ಡಪ್ಪ: ಈಗ ನನಗೇ ಪಾಠ.

9:15ಕ್ಕೆ ಡಲ್ಲಾಸ್‌ನಿಂದ ಸುಧಕ್ಕ ಬಂದಳು. ಅಲ್ಲಿ ಶನಿವಾರ ರಾತ್ರಿ. ಆದಿ ಅವಳ ಮಗ.

ಸುಧಕ್ಕ: ಎಲ್ಲಾ ಓದಿದೆ. ಆದಿ ಕಾಲೇಜ್ ಫುಟ್‌ಬಾಲ್ ಟೀಮಿಗೆ ಸೇರಿದಾನೆ. ವಾಕ್-ಆನ್ ಅಂತ, ಸ್ಕಾಲರ್‌ಶಿಪ್ ಇಲ್ಲ. ಸೋಮವಾರ ಬೆಳಗ್ಗೆ ಆರಕ್ಕೆ ಬೇಸಿಗೆ ಟ್ರೈನಿಂಗ್ ಶುರು.

ಶಾಂತತ್ತೆ: ನಮಗೆ ಹೇಳಲೇ ಇಲ್ವಲ್ಲೇ.

ಸುಧಕ್ಕ: ಓದು ಹಾಳಾಗುತ್ತೆ ಅಂತ ದೊಡ್ಡಪ್ಪ ಅಂತಾರೆ ಅಂತ ಹೇಳಲಿಲ್ಲ.

ದೊಡ್ಡಪ್ಪ: ನಾನು ಯಾವತ್ತು ಹಾಗಂದೆ?

ವಿನಯ: ನನ್ನ ಕ್ರಿಕೆಟ್ ಕಿಟ್ ಅಟ್ಟಕ್ಕೆ ಹಾಕಿಸಿದಾಗ.

ದೊಡ್ಡಪ್ಪ ಏನೋ ಬರೆದು ಅಳಿಸಿದರು. ಹೇಳಲೋ ಬೇಡವೋ ಅಂತ ನಾನು ಫೋನ್ ಹಿಡಿದು ಸ್ವಲ್ಪ ಹೊತ್ತು ಕೂತೆ. ಸ್ಕಾಲರ್‌ಶಿಪ್ ಇಲ್ಲದ ಹುಡುಗ ಸುಸ್ತಾಗಿದೆ ಅಂತ ಬಾಯಿ ಬಿಡಲ್ಲ. ಬಿಟ್ಟರೆ ತನ್ನ ಜಾಗ ಹೋಗುತ್ತೆ ಅನ್ನೋ ಭಯ ಅವನಿಗೆ. ಅದಕ್ಕೇ ಹೇಳಿಬಿಟ್ಟೆ.

"ಅಕ್ಕ, ಹೆದರಿಸೋಕಲ್ಲ. ಈ ಆಟದಲ್ಲಿ ಡಿಕ್ಕಿಯಾಗಿ ಸತ್ತ ಕಾಲೇಜ್ ಹುಡುಗರಿಗಿಂತ ಟ್ರೈನಿಂಗಲ್ಲಿ ಕುಸಿದು ಸತ್ತವರೇ 2000ದ ಈಚೆಗೆ ಜಾಸ್ತಿ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಜೋರ್ಡನ್ ಮೆಕ್‌ನೇರ್‌ಗೆ 19 ವರ್ಷ. 2018ರ ಮೇ 29ಕ್ಕೆ 110 ಗಜದ ಓಟ ಓಡಿಸ್ತಿದ್ದಾಗ ಬಿಸಿಲ ಹೊಡೆತಕ್ಕೆ ಕುಸಿದ, ಜೂನ್ 13ಕ್ಕೆ ಹೋದ. ಐಸ್ ನೀರಲ್ಲಿ ಅವನನ್ನ ಮುಳುಗಿಸಲೇ ಇಲ್ಲ. ಮುಳುಗಿಸಬೇಕಿತ್ತು. ಮೊದಲು ತಂಪು ಮಾಡೋದು, ಆಮೇಲೆ ಆಂಬುಲೆನ್ಸ್ ಹತ್ತಿಸೋದು, ನಿಯಮ ಅದು. ವಿಶ್ವವಿದ್ಯಾಲಯದ ಅಧ್ಯಕ್ಷರೇ ತಪ್ಪು ಒಪ್ಪಿಕೊಂಡರು.

"ನಾನೂ ಒಬ್ಬ ಹುಡುಗನ್ನ ಓಡಿಸಿದೀನಿ. ತಡವಾಗಿ ಬಂದ ಅಂತ ಮಾರ್ಚ್ ಬಿಸಿಲಲ್ಲಿ ಎಂಟು ರೌಂಡ್. ಆರನೇ ರೌಂಡಿಗೆ ವಾಂತಿ ಮಾಡ್ಕೊಂಡ, ಒರೆಸ್ಕೊಂಡು ಮತ್ತೆ ಓಡೋಕೆ ಹೊರಟ. 'ನಿಲ್ಲಲಾ ಸಾರ್' ಅಂತ ಕೇಳಲಿಲ್ಲ. ನಾನು ನಿಲ್ಲು ಅನ್ನೋವರೆಗೂ ಅವನು ನಿಲ್ತಿರಲಿಲ್ಲ. ಅವತ್ತಿಂದ ಓಟವನ್ನ ಶಿಕ್ಷೆಯಾಗಿ ಕೊಟ್ಟಿಲ್ಲ. ಕೋಚ್ ಹತ್ರ ಮೂರು ಪ್ರಶ್ನೆ ಕೇಳು: ಮೈದಾನದ ಪಕ್ಕದಲ್ಲೇ ಐಸ್ ಟಬ್ ಇದೆಯಾ, ಮೊದಲ ವಾರ ಎಷ್ಟು ಮಾಡಿಸ್ತೀರ, ಸಾಕು ಅನ್ನೋ ಅಧಿಕಾರ ಕೋಚ್ ಬಿಟ್ಟು ಬೇರೆ ಯಾರಿಗಿದೆ. ಆದಿಗೆ ಮೂತ್ರದ ಬಣ್ಣದ ವಿಷಯ ಹೇಳು, ನಾಚಿಕೆ ಪಡಬೇಡ."

ಚಿಕ್ಕಪ್ಪ: ಹಾಗಾದ್ರೆ ವಿನಯ ಜಿಮ್ ಬಿಡಬೇಕಾ?

ವಿನಯ: ಅಪ್ಪಾ.

ಮಂಜಣ್ಣ ತಾತನ ಗದೆ ಈಗ ಯಾರ ಮನೇಲಿದೆ ಅಂತ ಕೇಳಿದ. ಅದರ ಮೇಲೆ ಸಂಜೆವರೆಗೆ ನಲವತ್ತು ಮೆಸೇಜ್ ಆಯ್ತು.

ಸೋಮವಾರ ಬೆಳಗ್ಗೆ 6:15ಕ್ಕೆ ಸುಧಕ್ಕ ಒಂದು ಫೋಟೋ ಹಾಕಿದಳು. ಅಲ್ಲಿ ಇನ್ನೂ ಭಾನುವಾರ. ಆದಿ ಭಾನುವಾರ ಸಂಜೆ ತಾನೇ ಮೈದಾನಕ್ಕೆ ಹೋಗಿ ತೆಗೆದದ್ದು. ಬೇಲಿ ಪಕ್ಕ, ದನಕ್ಕೆ ನೀರಿಡೋ ತೊಟ್ಟಿ ಥರದ್ದೊಂದು ಬೂದು ಬಣ್ಣದ ಟಬ್, ಒಳಗೆ ಸುತ್ತಿಟ್ಟ ಪೈಪು.

ನಾನು: ಖಾಲಿ ಇದೆ ಅಕ್ಕ. ಓಡೋಕೆ ಮುಂಚೆ ತುಂಬಿರಬೇಕು.

ಸುಧಕ್ಕ: ಟ್ರೈನರ್‌ಗೆ ಫೋನ್ ಮಾಡಿ ಕೇಳಿದೆ. ಐದೂವರೆಗೆ ನೀರು, ಐಸ್ ಎರಡೂ ತುಂಬ್ತಾರಂತೆ. ಕಾಲೇಜು ಇಲ್ಲಿಂದ ಎರಡು ಗಂಟೆ ದಾರಿ. ಮೂರಕ್ಕೇ ಕಾರು ತೆಗೀತೀನಿ, ತುಂಬೋದನ್ನ ನೋಡಿ ಬರ್ತೀನಿ.

ದೊಡ್ಡಪ್ಪ: ಕತ್ತಲಲ್ಲಿ ಹುಷಾರಾಗಿ ಓಡಿಸಮ್ಮ. ತಲುಪಿದ ಮೇಲೆ ಮೆಸೇಜ್ ಹಾಕು, ನಾನು ಇಲ್ಲಿ ಎದ್ದಿರ್ತೀನಿ.